ಬೂಟ್ ಆದ ತಕ್ಷಣ ಗಡಿಯಾರ ಸರಿಯಾಗಬೇಕು: ಎನ್‌ಟಿಪಿಡೇಟ್, ಟೈಮ್‌ಸಿಂಕ್‌ಡಿ, ಕ್ರೋನಿ, ಇದರಲ್ಲಿ ಯಾವುದು?

ನನ್ನ ಹತ್ತಿರ ಒಂದು ಪುಟ್ಟ ಬೋರ್ಡ್ ಕಂಪ್ಯೂಟರ್ ಇದೆ. ಐದು ನಿಮಿಷಕ್ಕೊಮ್ಮೆ ಕೋಣೆಯ ಉಷ್ಣತೆ ಅಳೆದು ಒಂದು ಸರ್ವರ್‌ಗೆ ಕಳಿಸುವುದಷ್ಟೇ ಅದರ ಕೆಲಸ. ಒಂದು ರಾತ್ರಿ ಕರೆಂಟ್ ಹೋಗಿ ಬಂತು. ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿ ಎರಡರ ನಂತರ ಸರ್ವರ್‌ಗೆ ಒಂದೇ ಒಂದು ಅಂಕಿಯೂ ಬಂದಿಲ್ಲ. ಬೋರ್ಡ್‌ಗೆ ಲಾಗಿನ್ ಆಗಿ ಟೈಮ್ ನೋಡಿದೆ. ಸೆಕೆಂಡಿನ ಮಟ್ಟಿಗೂ ಸರಿ ಇತ್ತು. ನೆಟ್‌ವರ್ಕೂ ಸರಿ ಇತ್ತು. ಮತ್ತೆ ತೊಂದರೆ ಏನು?

ಲಾಗ್ ಫೈಲ್ ತೆರೆದಾಗ ಗುಟ್ಟು ರಟ್ಟಾಯಿತು. ಮೂರೇ ಸಾಲು. ಮೊದಲನೆಯ ಸಾಲಿನ ದಿನಾಂಕ 1970ರ ಜನವರಿ 1 (ಟೈಮ್ ಗೊತ್ತಿಲ್ಲದ ಲಿನಕ್ಸ್ ಎಣಿಕೆ ಶುರು ಮಾಡುವ ದಿನ): ಪ್ರೋಗ್ರಾಂ ಶುರುವಾಗಿದೆ. ಎರಡನೆಯದೂ ಅದೇ ದಿನ, ಮೂರು ಸೆಕೆಂಡ್ ಆದ ಮೇಲೆ: ಸರ್ವರ್‌ನ ಸರ್ಟಿಫಿಕೇಟ್ (ತಾನು ಅಸಲಿ ಎಂದು ಸರ್ವರ್ ತೋರಿಸುವ, ಅವಧಿ ಇರುವ ಗುರುತಿನ ಚೀಟಿ) ಇನ್ನೂ ಚಾಲ್ತಿಗೆ ಬಂದಿಲ್ಲ, ಪ್ರೋಗ್ರಾಂ ನಿಂತಿದೆ. ಮೂರನೆಯ ಸಾಲಿನಲ್ಲಿ ಇವತ್ತಿನ ದಿನಾಂಕ: ಗಡಿಯಾರ ಸರಿಪಡಿಸಲಾಗಿದೆ.

ಅಂದರೆ ಗಡಿಯಾರ ಸರಿಯಾಗಿದ್ದು ನಿಜ. ಆದರೆ ಅಷ್ಟು ಹೊತ್ತಿಗೆ ಅದನ್ನು ನಂಬಿಕೊಂಡಿದ್ದ ಪ್ರೋಗ್ರಾಂ ಸತ್ತು ಮಲಗಿತ್ತು. 1970ರಲ್ಲಿ ನಿಂತುಕೊಂಡು ನೋಡಿದರೆ ಇವತ್ತಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ, ಅಲ್ವಾ? ಅದು ಒಪ್ಪದೇ ಇದ್ದದ್ದೇ ಸರಿ.

ಬೂಟ್ ಸಮಯದ ಗಡಿಯಾರದ ಬಗ್ಗೆ ಮಾತು ಬಂದಾಗ ಎಲ್ಲರೂ ‘ಯಾವುದು ಜಾಸ್ತಿ ನಿಖರ’ ಅಂತಲೇ ಕೇಳುತ್ತಾರೆ. ಬೂಟ್ ಆಗುವಾಗ ನನಗೆ ಮುಖ್ಯ ಅನಿಸುವ ಪ್ರಶ್ನೆಗಳು ಬೇರೆ. ಗಡಿಯಾರವನ್ನು ಒಂದೇ ಸಲಕ್ಕೆ ಜಿಗಿಸುವ ಅಧಿಕಾರ ಯಾರಿಗೆ, ಎಷ್ಟು ಸಲ? ಅದು ಸರಿಯಾಗುವ ತನಕ ಯಾರು ಕಾಯಬೇಕು? ನೆಟ್‌ವರ್ಕ್‌ನಿಂದ ಟೈಮ್ ಕೇಳಿ ಗಡಿಯಾರ ಸರಿಪಡಿಸುವ ಟೂಲ್‌ಗಳ ಕೆಳಗಿನ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಗಡಿಯಾರ ತಪ್ಪುವುದು ಯಾಕೆ

ಸಾಮಾನ್ಯ ಪಿಸಿಯ ಮದರ್‌ಬೋರ್ಡ್ ಮೇಲೆ ಒಂದು ಚಿಕ್ಕ ಗಡಿಯಾರ ಚಿಪ್ ಇರುತ್ತದೆ. ಅದಕ್ಕೆ ಆರ್‌ಟಿಸಿ ಅನ್ನುತ್ತಾರೆ. ಮೂರು ವೋಲ್ಟಿನ ನಾಣ್ಯದಂಥ ಸೆಲ್ ಇದಕ್ಕೆ ಜೀವ ಕೊಡುತ್ತದೆ. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಈ ಹರಳು ಹತ್ತು ಲಕ್ಷದಲ್ಲಿ 20 ಪಾಲು ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡ್ ಏರುಪೇರು. ಒಂದು ತಿಂಗಳು ಆಫ್ ಮಾಡಿಟ್ಟ ಕಂಪ್ಯೂಟರ್ ಮುಕ್ಕಾಲು ನಿಮಿಷದಷ್ಟು ಹಿಂದೆ ಮುಂದೆ ಹೋಗಿದ್ದರೆ ಅದು ಕೆಟ್ಟಿಲ್ಲ, ಅದರ ಯೋಗ್ಯತೆಯೇ ಅಷ್ಟು.

ಸೆಲ್ ಸತ್ತರೆ ಕಥೆಯೇ ಬೇರೆ. ಆಗ ವರ್ಷಗಟ್ಟಲೆ ತಪ್ಪುತ್ತದೆ. ಕಡಿಮೆ ಬೆಲೆಯ ಬೋರ್ಡ್‌ಗಳಲ್ಲಿ ಈ ಚಿಪ್ಪೇ ಇರುವುದಿಲ್ಲ. ರಾಸ್ಪ್‌ಬೆರಿ ಪೈ 4ರ ತನಕದ ಮಾದರಿಗಳಲ್ಲಿ ಇರಲಿಲ್ಲ. ಪೈ 5ರಲ್ಲಿ ಬಂತು, ಆದರೆ ಬ್ಯಾಟರಿಯನ್ನು ನಾವೇ ಬೇರೆಯಾಗಿ ಜೋಡಿಸಬೇಕು.

ಹಾಗಾಗಿ ಎರಡು ಜಾತಿಯ ತಪ್ಪು ಎಂದಿಟ್ಟುಕೊಳ್ಳಿ. ಒಂದು ಸೆಕೆಂಡುಗಳ ತಪ್ಪು, ಇನ್ನೊಂದು ವರ್ಷಗಳ ತಪ್ಪು. ಒಂದಕ್ಕೆ ಮಾಡಿದ ಔಷಧ ಇನ್ನೊಂದಕ್ಕೆ ಹತ್ತುವುದಿಲ್ಲ.

ಜಿಗಿಸುವುದಾ, ಎಳೆದು ತರುವುದಾ

ತಪ್ಪಿದ ಗಡಿಯಾರವನ್ನು ಸರಿ ಮಾಡಲು ಎರಡು ದಾರಿ. ಸೀದಾ ಸರಿಯಾದ ಟೈಮ್‌ಗೆ ಜಿಗಿಸುವುದು, ಇದಕ್ಕೆ ‘ಸ್ಟೆಪ್’ ಅನ್ನುತ್ತಾರೆ. ಇಲ್ಲವೇ ಗಡಿಯಾರದ ವೇಗವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿ ನಿಧಾನಕ್ಕೆ ಎಳೆದು ತರುವುದು, ಇದು ‘ಸ್ಲೂ’.

ಎಳೆದು ತರುವುದು ಸಭ್ಯವಾದ ದಾರಿ. ಕಾಲ ಎಂದೂ ಹಿಂದಕ್ಕೆ ಹೋಗುವುದಿಲ್ಲ. ಆದರೆ ವಿಪರೀತ ನಿಧಾನ. ಹಳೆಯ ಕಾಲದಿಂದ ಬಂದ ಮಿತಿ ಹತ್ತು ಲಕ್ಷಕ್ಕೆ 500 ಪಾಲು. ಅಂದರೆ ಒಂದು ಸೆಕೆಂಡಿನ ತಪ್ಪು ತಿದ್ದಲು 2000 ಸೆಕೆಂಡ್, ಅರ್ಧ ಗಂಟೆಗೂ ಮೇಲೆ. ಒಂದು ಗಂಟೆಯ ತಪ್ಪನ್ನು ಹೀಗೆ ತಿದ್ದಲು ಹೋದರೆ 83 ದಿನ ಬೇಕು. ಅಷ್ಟು ದಿನ ಯಾರು ಕಾಯುತ್ತಾರೆ?

ಜಿಗಿಸುವುದು ಬೇಗ ಆಗುತ್ತದೆ, ಆದರೆ ಪ್ರೋಗ್ರಾಂಗಳಿಗೆ ದಿಗಿಲು. ಅದರಲ್ಲೂ ಹಿಂದಕ್ಕೆ ಜಿಗಿದರೆ. ಡವ್‌ಕಾಟ್ ಎಂಬ ಮೇಲ್ ಸರ್ವರ್‌ನ ಹಳೆಯ ಆವೃತ್ತಿಗಳು ಇದಕ್ಕೆ ಹೆಸರುವಾಸಿ. ಗಡಿಯಾರ ಹಿಂದಕ್ಕೆ ಹೋಗಿದ್ದು ಕಂಡರೆ ‘ಕಾಲ ಹಿಂದಕ್ಕೆ ಸರಿದಿದೆ, ಇದರಿಂದ ತುಂಬ ತೊಂದರೆ ಆಗಬಹುದು, ನಾನೇ ಪ್ರಾಣ ಬಿಡುತ್ತೇನೆ’ ಎಂಬರ್ಥದ ಸಾಲು ಬರೆದು ಸತ್ತೇ ಹೋಗುತ್ತಿದ್ದವು. ಮೊದಲ ಸಲ ಓದಿದಾಗ ನಗು ಬರುತ್ತದೆ. ಮೇಲ್ ಬಂದ್ ಆಗಿದೆ ಅಂತ ಗೊತ್ತಾದಾಗ ಬರುವುದಿಲ್ಲ.

ಆದ್ದರಿಂದ ನನ್ನ ಲೆಕ್ಕ ಇಷ್ಟು: ಜಿಗಿಯಬೇಕಾದರೆ ಬೂಟ್‌ನಲ್ಲೇ ಜಿಗಿಯಲಿ, ಬೇರೆ ಯಾರೂ ಏಳುವ ಮುಂಚೆ. ಆಮೇಲೆ ಎಳೆದು ತರುವ ಕೆಲಸ ಮಾತ್ರ.

ಸರ್ವರ್ ಹೇಗೆ ಟೈಮ್ ಹೇಳುತ್ತದೆ

ಕೆಳಗಿನ ಬಹುತೇಕ ಟೂಲ್‌ಗಳು ಎನ್‌ಟಿಪಿ (ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್) ಎಂಬ ಒಂದೇ ಭಾಷೆ ಆಡುತ್ತವೆ. ಡೆಲಾವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ಇದನ್ನು ರೂಪಿಸಿದರು. 1985ರಲ್ಲಿ ಆರ್‌ಎಫ್‌ಸಿ 958 ಎಂಬ ಇಂಟರ್ನೆಟ್ ನಿಯಮದ ದಾಖಲೆಯಾಗಿ ಬಂತು. ಈಗ ಚಾಲ್ತಿಯಲ್ಲಿರುವ ನಾಲ್ಕನೆಯ ಆವೃತ್ತಿ 2010ರ ಆರ್‌ಎಫ್‌ಸಿ 5905. ಯುಡಿಪಿ 123ನೇ ಪೋರ್ಟ್‌ನಲ್ಲಿ ಪುಟ್ಟದೊಂದು ಪ್ಯಾಕೆಟ್ ಹೋಗುತ್ತದೆ, ಒಂದು ಬರುತ್ತದೆ. ಪೋರ್ಟ್ ಎಂದರೆ ಕಂಪ್ಯೂಟರ್‌ನ ನಂಬರು ಹಾಕಿದ ಬಾಗಿಲು, ಯುಡಿಪಿ ಎಂದರೆ ಪ್ಯಾಕೆಟ್ ಕಳಿಸುವ ಒಂದು ಸರಳ ಕ್ರಮ.

ಒಂದು ಲೆಕ್ಕ ಮಾಡಿ ನೋಡೋಣ. ನಿಮ್ಮ ಕಂಪ್ಯೂಟರ್ ತನ್ನ ಗಡಿಯಾರದ ಪ್ರಕಾರ 10:00:00.000ಕ್ಕೆ ಪ್ಯಾಕೆಟ್ ಕಳಿಸಿತು. ಸರ್ವರ್‌ಗೆ ಅದು ತಲುಪಿದಾಗ ಸರ್ವರ್‌ನ ಗಡಿಯಾರದಲ್ಲಿ 10:00:05.040. ಸರ್ವರ್ 10:00:05.050ಕ್ಕೆ ಉತ್ತರ ಬಿಟ್ಟಿತು. ನಿಮಗೆ ಸಿಕ್ಕಾಗ ನಿಮ್ಮ ಗಡಿಯಾರದಲ್ಲಿ 10:00:00.090. ಹೋಗುವಾಗಿನ ವ್ಯತ್ಯಾಸ 5.040 ಸೆಕೆಂಡ್, ಬರುವಾಗಿನದು 4.960. ಎರಡನ್ನೂ ಕೂಡಿ ಅರ್ಧ ಮಾಡಿದರೆ ಸರಿಯಾಗಿ 5 ಸೆಕೆಂಡ್. ಅಂದರೆ ನೀವು ಐದು ಸೆಕೆಂಡ್ ಹಿಂದಿದ್ದೀರಿ. ದಾರಿಯಲ್ಲಿ ಕಳೆದದ್ದು 80 ಮಿಲಿಸೆಕೆಂಡ್.

ಇದರಲ್ಲಿ ಒಂದು ಊಹೆ ಅಡಗಿದೆ. ಹೋಗುವ ದಾರಿಗೂ ಬರುವ ದಾರಿಗೂ ಅಷ್ಟಷ್ಟೇ ಹೊತ್ತು ಹಿಡಿಯುತ್ತದೆ ಎಂಬ ಊಹೆ. ಅದು ಪೂರ್ತಿ ತಪ್ಪಾದರೂ ಇಲ್ಲಿ ಆಗುವ ಮೋಸ 40 ಮಿಲಿಸೆಕೆಂಡ್ ಮೀರುವುದಿಲ್ಲ. ಬೂಟ್ ಕೆಲಸಕ್ಕೆ ಇಷ್ಟು ಬೇಕಾದಷ್ಟಾಯಿತು. ಅದಕ್ಕೇ ಹೇಳಿದ್ದು, ನಿಖರತೆಗೆ ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ ಅಂತ.

ಎನ್‌ಟಿಪಿಡೇಟ್: ಹಳೇ ನಂಟು

ಬೂಟ್ ಸ್ಕ್ರಿಪ್ಟ್‌ನ ಕೊನೆಗೆ ಎನ್‌ಟಿಪಿಡೇಟ್ ಅಂತ ಒಂದು ಸಾಲು ತುರುಕುವುದು ಬಹಳ ಕಾಲದ ರೂಢಿ. ಓಡುತ್ತದೆ, ಟೈಮ್ ಕೇಳುತ್ತದೆ, ಸರಿ ಮಾಡುತ್ತದೆ, ಹೊರಟು ಹೋಗುತ್ತದೆ. ತಪ್ಪು ಅರ್ಧ ಸೆಕೆಂಡಿಗಿಂತ ಜಾಸ್ತಿ ಇದ್ದರೆ ಜಿಗಿಸುತ್ತದೆ, ಕಡಿಮೆ ಇದ್ದರೆ ಎಳೆಯುತ್ತದೆ. ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಸುಲಭವಾದದ್ದಿಲ್ಲ. ಅದಕ್ಕೇ ಜನ ಇದನ್ನು ಬಿಡುವುದಿಲ್ಲ.

ತೊಂದರೆ ಎಂದರೆ ಅದು ಒಂದೇ ಸಲ ಕೇಳುತ್ತದೆ. ಬೂಟ್ ಆಗುವ ಹೊತ್ತಿಗೆ ವೈಫೈ ಇನ್ನೂ ಸಿಕ್ಕಿಲ್ಲ ಅಂದುಕೊಳ್ಳಿ. ಎನ್‌ಟಿಪಿಡೇಟ್ ಸರ್ವರ್ ಸಿಗಲಿಲ್ಲ ಅಂತ ಗೊಣಗಿ ಹೋಗಿಬಿಡುತ್ತದೆ. ಮುಂದಿನ ರೀಬೂಟ್ ತನಕ ತಪ್ಪು ಟೈಮೇ ಗತಿ. ಅದಕ್ಕೆ ಅಂತ ಸ್ಕ್ರಿಪ್ಟ್‌ನಲ್ಲಿ 30 ಸೆಕೆಂಡ್ ಸುಮ್ನೆ ಕಾಯುವ ಸಾಲು ಸೇರಿಸಿದವರನ್ನೂ ನೋಡಿದ್ದೇನೆ. ನಾನೂ ಸೇರಿಸಿದ್ದೇನೆ. ನೆಟ್‌ವರ್ಕ್ 31ನೇ ಸೆಕೆಂಡಿಗೆ ಬಂದ ದಿನ ಅದರ ಬೆಲೆ ಗೊತ್ತಾಗುತ್ತದೆ.

ಇನ್ನೊಂದು ತಕರಾರು: ಎನ್‌ಟಿಪಿ ಸೇವೆ ಆಗಲೇ ಓಡುತ್ತಿದ್ದರೆ ಎನ್‌ಟಿಪಿಡೇಟ್ ‘ಸಾಕೆಟ್ ಬಳಕೆಯಲ್ಲಿದೆ’ ಎಂದು ಕೈ ಎತ್ತುತ್ತದೆ. ಇಬ್ಬರೂ 123ನೇ ಪೋರ್ಟ್ ಕೇಳುತ್ತಾರೆ. ಎನ್‌ಟಿಪಿ ಬರೆದವರೇ ಇದನ್ನು ಬಿಟ್ಟುಬಿಡಿ ಅಂತ ಎಷ್ಟೋ ವರ್ಷಗಳ ಹಿಂದೆಯೇ ಹೇಳಿದ್ದಾರೆ. ಕೈಯಿಂದ ಒಮ್ಮೆ ಪರೀಕ್ಷೆ ಮಾಡಿ ನೋಡಲು ಇರಲಿ. ಬೂಟ್‌ಗೆ ಬೇಡ.

ಇದಕ್ಕೂ ಹಿಂದಿನ ಆರ್‌ಡೇಟ್ ಇನ್ನೂ ಕೆಲವು ಕಡೆ ಉಸಿರಾಡುತ್ತಿದೆ. ಅದರ ನಿಯಮ 1983ರದು. ಒಂದು ಸೆಕೆಂಡಿಗಿಂತ ಸೂಕ್ಷ್ಮವಾಗಿ ಅದಕ್ಕೆ ಹೇಳಲು ಬರುವುದಿಲ್ಲ. ಕಂಡರೆ ತೆಗೆದುಬಿಡಿ.

ಎನ್‌ಟಿಪಿಡಿ: ಹಿರಿಯ, ಆದರೆ ಹಠಮಾರಿ

ಎನ್‌ಟಿಪಿಡಿ ಸದಾ ಓಡುವ ಸೇವೆ. ತಪ್ಪು 128 ಮಿಲಿಸೆಕೆಂಡ್ ಒಳಗಿದ್ದರೆ ಎಳೆಯುತ್ತದೆ, ಮೀರಿದರೆ ಜಿಗಿಸುತ್ತದೆ. 1000 ಸೆಕೆಂಡಿಗಿಂತ ಜಾಸ್ತಿ ಇದ್ದರೆ? ಏನನ್ನೂ ಮಾಡದೆ ನಿಂತುಹೋಗುತ್ತದೆ. ‘ಇಷ್ಟೊಂದು ತಪ್ಪಿದೆ ಅಂದರೆ ಏನೋ ಎಡವಟ್ಟಾಗಿದೆ, ಮನುಷ್ಯ ಬಂದು ನೋಡಲಿ’ ಎಂಬ ಧೋರಣೆ.

ಸೆಲ್ ಸತ್ತ ಕಂಪ್ಯೂಟರ್‌ನಲ್ಲಿ ಇದರ ಪರಿಣಾಮ ಊಹಿಸಿ. ಯಾರಿಗೆ ಔಷಧ ಬೇಕೋ ಅವರಿಗೇ ಇಲ್ಲ ಅಂದ ಹಾಗೆ. ಅದಕ್ಕೆ ‘ಜಿ’ ಆಯ್ಕೆ ಇದೆ. ಅದನ್ನು ಕೊಟ್ಟರೆ ಶುರುವಿನಲ್ಲಿ ಒಂದೇ ಒಂದು ಸಲ ಎಷ್ಟು ದೊಡ್ಡ ಜಿಗಿತವಾದರೂ ಒಪ್ಪುತ್ತದೆ. ಜೊತೆಗೆ ‘ಕ್ಯೂ’ ಕೊಟ್ಟರೆ ಟೈಮ್ ಸರಿ ಮಾಡಿ ಹೊರಟು ಹೋಗುತ್ತದೆ. ಎನ್‌ಟಿಪಿಡೇಟ್‌ಗೆ ಬದಲು ಇದನ್ನೇ ಬಳಸಿ ಎಂಬುದು ಅಧಿಕೃತ ಸಲಹೆ.

ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಿಂದ ಈ ಪ್ಯಾಕೇಜೇ ಇಲ್ಲ. ಡೆಬಿಯನ್ 12ರಲ್ಲಿ ಅದರ ಜಾಗಕ್ಕೆ, ಅದರದೇ ಭದ್ರತೆ ಬಿಗಿ ಮಾಡಿದ ರೂಪವಾದ ಎನ್‌ಟಿಪಿಸೆಕ್ ಬಂದಿದೆ. ಈಗಾಗಲೇ ಓಡುತ್ತಿದ್ದರೆ ‘ಜಿ’ ಇದೆಯಾ ಅಂತ ಒಮ್ಮೆ ನೋಡಿ, ಇದ್ದರೆ ಹಾಗೇ ಬಿಡಿ.

ಟೈಮ್‌ಸಿಂಕ್‌ಡಿ: ಮನೆಯಲ್ಲೇ ಇರುವವನು

ಸಿಸ್ಟಮ್‌ಡಿ (ಬೂಟ್ ಆಗುವಾಗ ಸೇವೆಗಳನ್ನು ಎಬ್ಬಿಸುವ ವ್ಯವಸ್ಥೆ) ಇರುವ ಲಿನಕ್ಸ್‌ಗಳಲ್ಲಿ ಇದು ಸಾಮಾನ್ಯವಾಗಿ ಮೊದಲೇ ಕೂತಿರುತ್ತದೆ. 2014ರಲ್ಲಿ ಸಿಸ್ಟಮ್‌ಡಿಯ 213ನೇ ಆವೃತ್ತಿಯೊಂದಿಗೆ ಬಂತು. ಎನ್‌ಟಿಪಿಯ ಸರಳ ರೂಪ ಮಾತ್ರ ಇದಕ್ಕೆ ಗೊತ್ತು. ಒಂದು ಹೊತ್ತಿಗೆ ಒಂದೇ ಸರ್ವರ್ ಕೇಳುತ್ತದೆ. 32 ಸೆಕೆಂಡಿನಿಂದ ಶುರು ಮಾಡಿ 2048 ಸೆಕೆಂಡ್ ತನಕ ಅಂತರ ಹೆಚ್ಚಿಸಿಕೊಳ್ಳುತ್ತದೆ. ತಪ್ಪು 0.4 ಸೆಕೆಂಡ್ ಮೀರಿದರೆ ಜಿಗಿಸುತ್ತದೆ.

ಇದರ ಒಂದು ಗುಣ ನನಗೆ ತುಂಬ ಇಷ್ಟ. ಟೈಮ್ ಸರಿಯಾದಾಗಲೆಲ್ಲ ಡಿಸ್ಕ್ ಮೇಲಿನ ಒಂದು ಖಾಲಿ ಫೈಲನ್ನು ಮುಟ್ಟಿ ಬರುತ್ತದೆ. ಫೈಲಿನಲ್ಲಿ ಏನೂ ಇಲ್ಲ, ಅದನ್ನು ಮುಟ್ಟಿದ ಹೊತ್ತೇ ಮುಖ್ಯ. ಮುಂದಿನ ಬೂಟ್‌ನಲ್ಲಿ ಗಡಿಯಾರ ಆ ಹೊತ್ತಿಗಿಂತ ಹಿಂದಿದ್ದರೆ, ನೆಟ್‌ವರ್ಕ್ ಬರುವ ಮೊದಲೇ, ಅಲ್ಲಿಗೆ ತಂದು ನಿಲ್ಲಿಸುತ್ತದೆ. ಬ್ಯಾಟರಿ ಇಲ್ಲದ ಬೋರ್ಡ್‌ಗೆ ಇದು ದೊಡ್ಡ ಉಪಕಾರ. 1970 ಅನ್ನುವ ಬದಲು ‘ಕರೆಂಟ್ ಹೋಗುವ ಸ್ವಲ್ಪ ಮುಂಚೆ’ ಅಂತ ಶುರುವಾಗುತ್ತದೆ. ಸರ್ಟಿಫಿಕೇಟ್ ತಕರಾರು ಇಷ್ಟರಿಂದಲೇ ಎಷ್ಟೋ ಸಲ ತಪ್ಪುತ್ತದೆ. ಸಿಸ್ಟಮ್‌ಡಿ ಇಲ್ಲದ ಕಡೆ ಇದೇ ಕೆಲಸಕ್ಕೆ ಫೇಕ್-ಹೆಚ್‌ಡಬ್ಲ್ಯುಕ್ಲಾಕ್ ಎಂಬ ಪುಟ್ಟ ಸ್ಕ್ರಿಪ್ಟ್ ಇದೆ. ಗಂಟೆಗೊಮ್ಮೆ ಮತ್ತು ಶಟ್‌ಡೌನ್ ಆಗುವಾಗ ಟೈಮ್ ಬರೆದಿಡುತ್ತದೆ.

ಕೊರತೆ ಏನು? ಒಂದೇ ಸರ್ವರ್ ನಂಬುವುದರಿಂದ, ಆ ಸರ್ವರ್ ಸುಳ್ಳು ಹೇಳಿದರೆ ಇದೂ ಸುಳ್ಳೇ ಹೇಳುತ್ತದೆ. ಜಿಗಿತಕ್ಕೂ ಲಗಾಮಿಲ್ಲ. ಬೂಟ್ ಆಗಿ ಹತ್ತು ದಿನ ಆದ ಮೇಲೂ ಜಿಗಿಸಬಹುದು. ಬೇರೆ ಕಂಪ್ಯೂಟರ್‌ಗಳಿಗೆ ಟೈಮ್ ಹಂಚಲು ಇದಕ್ಕೆ ಬರುವುದಿಲ್ಲ.

ಆದರೂ ಸಾಮಾನ್ಯ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಇಟ್ಟುಕೊಂಡವರು ಇದನ್ನು ತೆಗೆದು ಬೇರೇನೋ ಹಾಕುವುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆ ಕೊಟ್ಟು, ಗಡಿಯಾರ ಸಿಂಕ್ ಆಗಿದೆ ಎಂಬ ಸಾಲಿನ ಮುಂದೆ ‘ಯೆಸ್’ ಇದ್ದರೆ ಟೇಬಲ್ ಬಿಟ್ಟು ಏಳಿ. ನಿಮ್ಮ ಕೆಲಸ ಮುಗಿಯಿತು.

ಕ್ರೋನಿ: ನನ್ನ ಓಟು ಇದಕ್ಕೆ

ಸರ್ವರ್, ವರ್ಚುವಲ್ ಮಷಿನ್, ಆಗಾಗ ನೆಟ್‌ವರ್ಕ್ ತಪ್ಪುವ ಬೋರ್ಡ್, ಇವಕ್ಕೆಲ್ಲ ನಾನು ಕ್ರೋನಿ ಹಾಕುತ್ತೇನೆ. ಕಾರಣ ನಿಖರತೆ ಅಲ್ಲ. ಜಿಗಿತದ ಮೇಲೆ ನನಗೆ ಸಿಗುವ ಹಿಡಿತ.

ಸೆಟ್ಟಿಂಗ್ ಫೈಲಿನಲ್ಲಿ ‘ಮೇಕ್‌ಸ್ಟೆಪ್ 1.0 3’ ಅಂತ ಒಂದು ಸಾಲು ಇರುತ್ತದೆ. ಅರ್ಥ ಹೀಗೆ: ಶುರುವಾದ ಮೇಲಿನ ಮೊದಲ ಮೂರು ತಿದ್ದುಪಡಿಗಳಲ್ಲಿ ತಪ್ಪು ಒಂದು ಸೆಕೆಂಡಿಗಿಂತ ಜಾಸ್ತಿ ಇದ್ದರೆ ಜಿಗಿಸು. ನಾಲ್ಕನೆಯದರಿಂದ ಜಿಗಿತ ಬಂದ್, ಬರೀ ಎಳೆತ. ‘ಬೂಟ್‌ನಲ್ಲೇ ಜಿಗಿಯಲಿ’ ಅಂತ ಮೇಲೆ ಹೇಳಿದೆನಲ್ಲ, ಅದನ್ನು ಒಂದೇ ಸಾಲಿನಲ್ಲಿ ಬರೆದಿಟ್ಟ ಹಾಗಿದೆ.

ಎಳೆತವೂ ಚುರುಕು. ಲಿನಕ್ಸ್ ಮೇಲೆ ಕ್ರೋನಿಯ ಮಾಮೂಲಿ ಮಿತಿ ಹತ್ತು ಲಕ್ಷಕ್ಕೆ ಸುಮಾರು 83,333 ಪಾಲು. ಒಂದು ಸೆಕೆಂಡಿನ ತಪ್ಪು 12 ಸೆಕೆಂಡಿನಲ್ಲಿ ತಿದ್ದಿ ಮುಗಿಯುತ್ತದೆ. ಮೇಲಿನ 2000 ಸೆಕೆಂಡ್ ನೆನಪಿಸಿಕೊಳ್ಳಿ.

ಸರ್ವರ್ ಸಾಲಿನ ಕೊನೆಗೆ ‘ಐಬರ್ಸ್ಟ್’ ಎಂಬ ಪದ ಸೇರಿಸಲು ಮರೆಯಬೇಡಿ. ಶುರುವಿನಲ್ಲಿ ಎರಡೆರಡು ಸೆಕೆಂಡಿಗೆ ಒಂದರಂತೆ ನಾಲ್ಕೆಂಟು ಪ್ಯಾಕೆಟ್ ಒಟ್ಟಿಗೆ ಕಳಿಸುತ್ತದೆ. ಮೊದಲ ತಿದ್ದುಪಡಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬಂದುಬಿಡುತ್ತದೆ. ಇದಿಲ್ಲದಿದ್ದರೆ ನಿಮಿಷಗಟ್ಟಲೆ ಕಾಯಬೇಕು.

‘ಆರ್‌ಟಿಸಿಸಿಂಕ್’ ಸಾಲು ಇದ್ದರೆ ಕರ್ನಲ್ (ಲಿನಕ್ಸ್‌ನ ತಿರುಳು) 11 ನಿಮಿಷಕ್ಕೊಮ್ಮೆ ಸರಿಯಾದ ಟೈಮನ್ನು ಮದರ್‌ಬೋರ್ಡ್ ಚಿಪ್‌ಗೂ ಬರೆಯುತ್ತದೆ. ಚಿಪ್ ಇಲ್ಲದ ಕಡೆ ಕ್ರೋನಿಯನ್ನು ‘ಎಸ್’ ಆಯ್ಕೆಯೊಂದಿಗೆ ಶುರು ಮಾಡಿ. ಗಡಿಯಾರ ಎಷ್ಟು ವೇಗವಾಗಿ ತಪ್ಪುತ್ತದೆ ಅಂತ ಗುರುತಿಟ್ಟುಕೊಳ್ಳುವ ತನ್ನ ಡ್ರಿಫ್ಟ್ ಫೈಲನ್ನು ಕೊನೆಗೆ ಯಾವಾಗ ಬರೆದಿತ್ತೋ ಆ ಹೊತ್ತಿನಿಂದ ಗಡಿಯಾರ ಶುರು ಮಾಡುತ್ತದೆ. ಟೈಮ್‌ಸಿಂಕ್‌ಡಿಯ ಖಾಲಿ ಫೈಲಿನದೇ ಉಪಾಯ.

ವರ್ಚುವಲ್ ಮಷಿನ್ ಇಟ್ಟುಕೊಂಡವರಿಗೆ ಮಾತ್ರ ಒಂದು ಎಚ್ಚರಿಕೆ. ಮಷಿನ್ ಅನ್ನು ನಡುವೆ ತಡೆದು ನಿಲ್ಲಿಸಿ ಮೂರು ಗಂಟೆ ಬಿಟ್ಟು ಮತ್ತೆ ಎಬ್ಬಿಸಿದರೆ ಗಡಿಯಾರ ಮೂರು ಗಂಟೆ ಹಿಂದೆ ಇರಬಹುದು. ಆದರೆ ಕ್ರೋನಿಯ ಲೆಕ್ಕದಲ್ಲಿ ಇದು ಹೊಸ ಶುರು ಅಲ್ಲ. ಜಿಗಿಯಬಹುದಾದ ಮೊದಲ ಮೂರು ತಿದ್ದುಪಡಿಗಳ ಕೋಟಾ ಮುಗಿದಿದೆ. ಎಳೆಯುತ್ತಾ ಕೂರುತ್ತದೆ, ಒಂದೂವರೆ ದಿನ. ಅಂಥಲ್ಲಿ 3ರ ಬದಲು -1 ಬರೆಯಿರಿ. ಯಾವಾಗ ಬೇಕಾದರೂ ಜಿಗಿಯಬಹುದು ಎಂದರ್ಥ. ಸಭ್ಯತೆ ಸ್ವಲ್ಪ ಬಿಡಬೇಕು, ಏನು ಮಾಡೋದು. ಕಂಟೈನರ್‌ಗಳ ಒಳಗೆ ಇದಾವುದೂ ಬೇಡ. ಅವು ಹೊರಗಿನ ಕರ್ನಲ್‌ನ ಗಡಿಯಾರವನ್ನೇ ನೋಡುತ್ತವೆ.

ಮಿಕ್ಕವು, ಚುಟುಕಾಗಿ

ಓಪನ್‌ಬಿಎಸ್‌ಡಿ ಬಳಗದಿಂದ ಬಂದ ಓಪನ್‌ಎನ್‌ಟಿಪಿಡಿ ಚಿಕ್ಕದು, ಚೊಕ್ಕದು. ಅದರ ಒಂದು ಜಾಣತನ: ಎಚ್‌ಟಿಟಿಪಿಎಸ್ ಸರ್ವರ್‌ಗಳ ಉತ್ತರದಲ್ಲಿರುವ ದಿನಾಂಕ ನೋಡಿ, ಎನ್‌ಟಿಪಿ ಸರ್ವರ್ ಅದಕ್ಕೆ ತೀರಾ ಹೊಂದದ ಟೈಮ್ ಹೇಳಿದರೆ ತಳ್ಳಿಹಾಕುತ್ತದೆ. ಬಿಎಸ್‌ಡಿ ಬಳಸುವವರಿಗೆ ಒಳ್ಳೆಯದು.

ಬ್ಯುಸಿಬಾಕ್ಸ್‌ನ ಒಳಗೂ ಒಂದು ಎನ್‌ಟಿಪಿಡಿ ಇದೆ. ರೌಟರ್‌ಗಳಲ್ಲಿ ಓಡುವ ಓಪನ್‌ಡಬ್ಲ್ಯುಆರ್‌ಟಿ ಇದನ್ನೇ ಬಳಸುತ್ತದೆ. ಜಾಗ ಇಲ್ಲದ ಕಡೆ ಇದೇ ಸಾಕು.

ಫೈರ್‌ವಾಲ್ 123ನೇ ಪೋರ್ಟ್ ಮುಚ್ಚಿದ್ದರೆ ಎಚ್‌ಟಿಪಿಡೇಟ್ ಕೈ ಹಿಡಿಯುತ್ತದೆ. ವೆಬ್ ಸರ್ವರ್ ಕೊಡುವ ದಿನಾಂಕದ ಸಾಲು ಓದಿ ಗಡಿಯಾರ ಇಡುತ್ತದೆ. ಆ ಸಾಲಿನಲ್ಲಿ ಸೆಕೆಂಡಿಗಿಂತ ಸಣ್ಣ ಅಂಕಿ ಇರುವುದಿಲ್ಲ, ಹಾಗಾಗಿ ಒರಟು. ಆದರೆ ವರ್ಷಗಳ ತಪ್ಪಿಗೆ ಒರಟು ಔಷಧವೇ ಸಾಕು.

ವಿಂಡೋಸ್‌ನಲ್ಲಿ ಡಬ್ಲ್ಯು32ಟೈಮ್ ಸೇವೆ ಇದೆ. ಡೊಮೈನ್‌ಗೆ ಸೇರದ ಕಂಪ್ಯೂಟರ್‌ನಲ್ಲಿ ತಪ್ಪು 15 ಗಂಟೆಗಿಂತ ಜಾಸ್ತಿ ಇದ್ದರೆ ಅದು ಮಾಮೂಲಿ ಸೆಟ್ಟಿಂಗ್‌ನಲ್ಲಿ ತಿದ್ದುವುದಿಲ್ಲ. ಸೆಲ್ ಸತ್ತ ಹಳೇ ಪಿಸಿಯ ದಿನಾಂಕ ಪ್ರತಿ ಸಲ ಕೈಯಿಂದಲೇ ಹಾಕಬೇಕಾಗುವುದು ಇದಕ್ಕೇ. ಸೆಲ್ ಬದಲಾಯಿಸಿ, ಬೇರೆ ಟೂಲ್ ಹುಡುಕಬೇಡಿ.

ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದರೆ ಇನ್ನೊಂದು ಜಗಳ. ವಿಂಡೋಸ್ ಚಿಪ್‌ನಲ್ಲಿ ಸ್ಥಳೀಯ ಟೈಮ್ ಬರೆಯುತ್ತದೆ, ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಟೈಮ್) ಬರೆಯುತ್ತದೆ. ಬದಲಾಯಿಸಿ ಬೂಟ್ ಮಾಡಿದಾಗಲೆಲ್ಲ ನಿಮ್ಮ ಸಮಯವಲಯದಷ್ಟು ಗಂಟೆ ಆಚೀಚೆ. ತಪ್ಪು ಸರಿಯಾಗಿ ಅಷ್ಟೇ ಗಂಟೆ ಇದೆಯಾ ಅಂತ ಮೊದಲು ನೋಡಿ. ಇದ್ದರೆ ನೆಟ್‌ವರ್ಕ್ ಟೂಲ್‌ಗಳನ್ನು ಬೈಯಬೇಡಿ. ಎರಡರಲ್ಲಿ ಒಂದಕ್ಕೆ ಇನ್ನೊಂದರ ರೂಢಿ ಕಲಿಸಿ.

ಕೋಳಿ ಮೊದಲಾ, ಮೊಟ್ಟೆ ಮೊದಲಾ

ಭದ್ರತೆ ಹೆಚ್ಚಿಸಲು ಹೋದಾಗ ಬೂಟ್‌ನಲ್ಲಿ ಒಂದು ವಿಚಿತ್ರ ಗಂಟು ಬೀಳುತ್ತದೆ. ಸರ್ವರ್‌ನ ಹೆಸರಿನಿಂದ ವಿಳಾಸ ಹುಡುಕುವಾಗ ಸಿಕ್ಕ ಉತ್ತರ ಅಸಲಿಯೇ ಅಂತ ನೋಡುವ ಡಿಎನ್‌ಎಸ್‌ಸೆಕ್ ಸಹಿಗಳಿಗೆ ಶುರು ಮತ್ತು ಕೊನೆಯ ದಿನ ಇರುತ್ತದೆ. ಟೈಮ್ ತಪ್ಪಿದ್ದರೆ ಸಹಿ ತಪ್ಪು ಅನಿಸುತ್ತದೆ, ಹೆಸರು ಸಿಗುವುದಿಲ್ಲ. ಹೆಸರು ಸಿಗದಿದ್ದರೆ ಎನ್‌ಟಿಪಿ ಸರ್ವರ್ ಸಿಗುವುದಿಲ್ಲ. ಸರ್ವರ್ ಸಿಗದಿದ್ದರೆ ಟೈಮ್ ಸರಿಯಾಗುವುದಿಲ್ಲ.

2020ರಲ್ಲಿ ಬಂದ ಎನ್‌ಟಿಎಸ್ ಕೂಡ ಹೀಗೇ. ಎನ್‌ಟಿಪಿ ಉತ್ತರ ನಡುವೆ ಯಾರೂ ತಿದ್ದಿಲ್ಲ ಎಂದು ಖಾತರಿ ಕೊಡುವ ಒಳ್ಳೆಯ ವ್ಯವಸ್ಥೆ ಅದು. ಆದರೆ ಶುರುವಿನಲ್ಲಿ ಸರ್ಟಿಫಿಕೇಟ್ ನೋಡಬೇಕು. ಸರ್ಟಿಫಿಕೇಟ್ ನೋಡಲು ಟೈಮ್ ಬೇಕು. ಕ್ರೋನಿಯಲ್ಲಿ ಇದಕ್ಕೆ ‘ನೋಸರ್ಟ್‌ಟೈಮ್‌ಚೆಕ್ 1’ ಎಂಬ ಸಾಲು ಇದೆ. ಮೊದಲ ತಿದ್ದುಪಡಿ ಆಗುವ ತನಕ ಸರ್ಟಿಫಿಕೇಟ್‌ನ ದಿನಾಂಕ ಮಾತ್ರ ನೋಡಬೇಡ, ಮಿಕ್ಕಿದ್ದೆಲ್ಲ ನೋಡು ಅಂತ. ಭದ್ರತೆ ಸ್ವಲ್ಪ ಸಡಿಲವಾಗುತ್ತದೆ. ಬ್ಯಾಟರಿ ಇರುವ ಸರ್ವರ್‌ನಲ್ಲಿ ಇದನ್ನು ಹಾಕಬೇಡಿ. ಇಲ್ಲದ ಬೋರ್ಡ್‌ನಲ್ಲಿ, ಉಳಿಸಿಟ್ಟ ಟೈಮಿನಿಂದ ಶುರು ಮಾಡುವ ಉಪಾಯ ಸಾಲದಿದ್ದರೆ ಮಾತ್ರ ಹಾಕಿ.

ಎಷ್ಟು ಸರ್ವರ್

ಕ್ರೋನಿಗೋ ಎನ್‌ಟಿಪಿಡಿಗೋ ನಾಲ್ಕು ಕೊಡಿ. ಎರಡು ಕೊಟ್ಟರೆ, ಇಬ್ಬರೂ ಬೇರೆ ಬೇರೆ ಹೇಳಿದಾಗ ಯಾರು ಸುಳ್ಳ ಅಂತ ಗೊತ್ತಾಗುವುದಿಲ್ಲ. ಮೂರಿದ್ದರೆ ಸುಳ್ಳನನ್ನು ಹಿಡಿಯಬಹುದು. ನಾಲ್ಕನೆಯದು ಒಂದು ಕೈಕೊಟ್ಟ ದಿನಕ್ಕೆ. 2003ರಿಂದ ನಡೆಯುತ್ತಿರುವ ಎನ್‌ಟಿಪಿ ಪೂಲ್‌ನ ಹೆಸರು ಹಾಕಿದರೆ ಈ ತಲೆನೋವು ಅದೇ ನೋಡಿಕೊಳ್ಳುತ್ತದೆ.

ಗೂಗಲ್‌ನ ಸರ್ವರ್‌ಗಳನ್ನು ಬೇರೆಯವರ ಜೊತೆ ಬೆರೆಸಬೇಡಿ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಅಪರೂಪಕ್ಕೆ ಸೇರಿಸುವ ಲೀಪ್ ಸೆಕೆಂಡ್ ಬಂದರೆ ಗೂಗಲ್ ಅದನ್ನು 24 ಗಂಟೆಗೆ ಹರಡಿ ಸವರಿಬಿಡುತ್ತದೆ, ಮಿಕ್ಕವರಲ್ಲಿ ಹೆಚ್ಚಿನವರು ಒಂದೇ ಸಲಕ್ಕೆ ಸೇರಿಸುತ್ತಾರೆ. ಆ ದಿನ ನಿಮ್ಮ ಸರ್ವರ್‌ಗಳಲ್ಲೇ ಎರಡು ಪಕ್ಷ ಆಗುತ್ತದೆ. ಕೊನೆಯ ಲೀಪ್ ಸೆಕೆಂಡ್ ಬಂದದ್ದು 2016ರ ಡಿಸೆಂಬರ್ 31ಕ್ಕೆ, ಹಾಗಾಗಿ ಇದು ದಿನನಿತ್ಯದ ತೊಂದರೆ ಏನಲ್ಲ.

ಯಾವುದಾದರೂ ವಿಶ್ವವಿದ್ಯಾಲಯದ ಸರ್ವರ್ ವಿಳಾಸವನ್ನು ನೇರವಾಗಿ ಪ್ರೋಗ್ರಾಂ ಒಳಗೆ ಬರೆಯುವುದಂತೂ ಬೇಡ. 2003ರಲ್ಲಿ ಹಾಗೆ ಬರೆದ ರೌಟರ್‌ಗಳು, ಉತ್ತರ ಸಿಗದಿದ್ದಾಗ ಸೆಕೆಂಡಿಗೊಮ್ಮೆ ಕೇಳುತ್ತಾ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ನೆಟ್‌ವರ್ಕ್ ಮೇಲೆ ಪ್ಯಾಕೆಟ್‌ಗಳ ಮಳೆ ಸುರಿಸಿದ್ದವು.

ಕಾಯುವವರನ್ನು ಕಾಯಿಸಿ

ಈಗ ಎರಡನೆಯ ಪ್ರಶ್ನೆ. ಹೆಚ್ಚಿನವರು ಎಡವುವುದು ಇಲ್ಲೇ. ಒಳ್ಳೆಯ ಟೂಲ್ ಹಾಕಿರುತ್ತಾರೆ, ಆದರೆ ಅದಕ್ಕೆ ಕಾಯಬೇಕು ಅಂತ ಯಾರಿಗೂ ಹೇಳಿರುವುದಿಲ್ಲ.

ಸಿಸ್ಟಮ್‌ಡಿಯಲ್ಲಿ ‘ಟೈಮ್-ಸಿಂಕ್’ ಎಂಬ ಟಾರ್ಗೆಟ್ (ಬೂಟ್‌ನ ಒಂದು ಹಂತದ ಗುರುತು) ಇದೆ. ನಿಮ್ಮ ಸೇವೆಯ ಫೈಲಿನಲ್ಲಿ ‘ಇದರ ನಂತರ ಶುರುವಾಗು’ ಅಂತ ಬರೆದರೆ ಆಯಿತು ಅನಿಸುತ್ತದೆ. ಆಗುವುದಿಲ್ಲ. ಟೈಮ್ ಸೇವೆ ಎದ್ದು ಕೂತರೆ ಸಾಕು, ಟೈಮ್ ಸರಿಯಾಗದಿದ್ದರೂ ಈ ಟಾರ್ಗೆಟ್ ದಾಟಿಬಿಡಬಹುದು. ನಿಜವಾಗಿ ತಡೆಯಲು ಕಾಯುವ ಸೇವೆಯನ್ನು ಬೇರೆಯಾಗಿ ಆನ್ ಮಾಡಬೇಕು. ಟೈಮ್‌ಸಿಂಕ್‌ಡಿಗೆ ‘ಸಿಸ್ಟಮ್‌ಡಿ-ಟೈಮ್-ವೇಟ್-ಸಿಂಕ್’, ಕ್ರೋನಿಗೆ ‘ಕ್ರೋನಿ-ವೇಟ್’. ಕ್ರೋನಿಯದು ಹೆಚ್ಚೆಂದರೆ ಮೂರು ನಿಮಿಷ ಕಾಯುತ್ತದೆ. ಸಿಸ್ಟಮ್‌ಡಿಯದು ನೆಟ್‌ವರ್ಕ್ ಬರದಿದ್ದರೆ ಕಾಯುತ್ತಲೇ ಇರುತ್ತದೆ. ಹಾಗಾಗಿ ಎಲ್ಲ ಸೇವೆಗಳನ್ನೂ ಇದರ ಹಿಂದೆ ನಿಲ್ಲಿಸಬೇಡಿ. ಲಾಗಿನ್, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್, ಇವು ಕಾಯಬಾರದು. ಇಲ್ಲದಿದ್ದರೆ ತೊಂದರೆ ಏನಾಗಿದೆ ಅಂತ ಒಳಗೆ ಹೋಗಿ ನೋಡಲೂ ಆಗುವುದಿಲ್ಲ. ಸರ್ಟಿಫಿಕೇಟ್ ನೋಡುವವು, ಡೇಟಾಬೇಸ್, ನಿಗದಿತ ಹೊತ್ತಿಗೆ ಕೆಲಸ ಮಾಡುವವು, ಇಷ್ಟು ಕಾದರೆ ಸಾಕು.

ನನ್ನ ಬೋರ್ಡ್‌ನಲ್ಲಿ ಸಿಸ್ಟಮ್‌ಡಿ ಇಲ್ಲ. ಅಲ್ಲಿ ಎನ್‌ಟಿಪಿಡೇಟ್ ಸಾಲನ್ನೂ ಆ 30 ಸೆಕೆಂಡಿನ ಸಾಲನ್ನೂ ಅಳಿಸಿದೆ. ಕ್ರೋನಿಯನ್ನು ‘ಎಸ್’ ಆಯ್ಕೆಯೊಂದಿಗೆ ಹಾಕಿದೆ. ಉಷ್ಣತೆ ಪ್ರೋಗ್ರಾಂ ಶುರುವಾಗುವ ಮುಂಚೆ ‘ಕ್ರೋನಿಸಿ ವೇಟ್‌ಸಿಂಕ್’ ಎಂಬ ಆಜ್ಞೆ ಇಟ್ಟೆ. ಟೈಮ್ ಸರಿಯಾಗುವ ತನಕ ಅದು ಮುಂದಕ್ಕೆ ಬಿಡುವುದಿಲ್ಲ.

ನೀವೂ ಏನೇ ಹಾಕಿ, ಒಮ್ಮೆ ಬೇಕಂತಲೇ ಕೆಡಿಸಿ ನೋಡಿ. ಆರ್‌ಟಿಸಿ ಇದ್ದರೆ ಅದರಲ್ಲಿ 2001ರ ದಿನಾಂಕ ಬರೆದು ರೀಬೂಟ್ ಮಾಡಿ. ಇಲ್ಲದಿದ್ದರೆ ಪ್ಲಗ್ ಕಿತ್ತು ಒಂದು ಗಂಟೆ ಬಿಟ್ಟು ಹಾಕಿ. ನೆಟ್‌ವರ್ಕ್ ಕೇಬಲ್ ತೆಗೆದು ಬೂಟ್ ಮಾಡಿ, ಎರಡು ನಿಮಿಷ ಬಿಟ್ಟು ಕೇಬಲ್ ಚುಚ್ಚಿ. ‘ಕ್ರೋನಿಸಿ ಟ್ರ್ಯಾಕಿಂಗ್’ ಆಜ್ಞೆಯ ಕೊನೆಯ ಸಾಲು ಲೀಪ್ ಸ್ಟೇಟಸ್. ಮೊದಲು ಅಲ್ಲಿ ‘ನಾಟ್ ಸಿಂಕ್ರನೈಸ್ಡ್’ ಅಂತ ಇರುತ್ತದೆ, ಟೈಮ್ ಸಿಕ್ಕ ಮೇಲೆ ‘ನಾರ್ಮಲ್’ ಆಗುತ್ತದೆ.

ನಾನು ಪ್ಲಗ್ ಕಿತ್ತು ಹಾಕಿದಾಗ ಲಾಗ್‌ನಲ್ಲಿ ಮತ್ತೆ ಮೂರೇ ಸಾಲು ಬಂತು, ಕ್ರಮ ಮಾತ್ರ ಬದಲಾಗಿತ್ತು. ಮೊದಲು, ಒಂದೂವರೆ ಗಂಟೆ ಹಿಂದಿನ ಟೈಮ್‌ನಲ್ಲಿ, ಕ್ರೋನಿ ಶುರು. ಆಮೇಲೆ, ಈಗಿನ ಟೈಮ್‌ನಲ್ಲಿ, ಗಡಿಯಾರ ಜಿಗಿಸಲಾಗಿದೆ. ಕೊನೆಗೆ, ಅದಾಗಿ ಎರಡು ಸೆಕೆಂಡಿಗೆ, ಉಷ್ಣತೆ ಪ್ರೋಗ್ರಾಂ ಶುರು.